ಐವತ್ತು ಎಂಬಿ ಎಂದರೆ ಎಷ್ಟು?

ಪ್ರಶ್ನೆ: ಉಡುಪಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಎಂಬ ತಪ್ಪಿಗೆ ಆಫೀಸಿನ ಮೇಲ್ ಸರ್ವರ್ ಕೂಡ ನನ್ನ ತಲೆಗೇ ಬಂದಿದೆ. ಅದನ್ನು ಹಾಕಿಕೊಟ್ಟವರು ಈಗ ದುಬೈಯಲ್ಲಿದ್ದಾರೆ. ಮೇಲ್ ತೆಗೆದುಕೊಂಡು ಕಳಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ನೋಡಿಕೊಳ್ಳಲು ಡವ್‌ಕಾಟ್, ಬ್ರೌಸರ್‌ನಲ್ಲಿ ಮೇಲ್ ಓದಲು ರೌಂಡ್‌ಕ್ಯೂಬ್ ಉಂಟು. 12 ಜನ, 120 ಜಿಬಿ ಡಿಸ್ಕ್. ಮೇಲ್ ಎಲ್ಲ ಮೇಲ್‌ಡಿರ್ ಫೋಲ್ಡರ್‌ಗೆ ಬೀಳುತ್ತದೆ. ಬ್ರಹ್ಮಕಲಶೋತ್ಸವ, ನೇಮ, ಮದುವೆ ಎಲ್ಲ ಒಟ್ಟಿಗೆ ಬರುವ ಸಮಯದಲ್ಲಿ ಗಿರಾಕಿಗಳು ಕಳಿಸುವ ಪಿಡಿಎಫ್ ಬೌನ್ಸ್ ಆಗುತ್ತಿತ್ತು. ಹಾಗಾಗಿ ಮೆಸೇಜ್ ಸೈಜ್ ಲಿಮಿಟ್ ಅನ್ನು 50 ಎಂಬಿ ಮಾಡಿದೆ. ಆಮೇಲೆ ಅರ್ಧ ದಿನ ಒಂದೇ ಒಂದು ಮೇಲ್ ಬರಲಿಲ್ಲ! ಹೆದರಿ 25 ಎಂಬಿಗೆ ಇಳಿಸಿದೆ, ಬರಲು ಶುರುವಾಯಿತು. ಆದರೆ 20 ಎಂಬಿ ಫೈಲ್ ಈಗಲೂ ಒಳಗೆ ಬರುವುದಿಲ್ಲ. ನಮ್ಮ ಧಣಿಗಳು "ಲಿಮಿಟ್ ಎಂತಕ್ಕೆ, ಎಲ್ಲ ಸೊನ್ನೆ ಮಾಡಿಬಿಡು" ಅನ್ನುತ್ತಾರೆ. ಅವರ ಮೇಲ್‌ಬಾಕ್ಸ್ ಒಂದೇ 18 ಜಿಬಿ ಆಗಿದೆ, ಏನನ್ನೂ ಡಿಲೀಟ್ ಮಾಡುವುದಿಲ್ಲ. ಆ ಅರ್ಧ ದಿನದ ಮೇಲ್ ಹೋಯಿತಾ? ಲಿಮಿಟ್ ಎಷ್ಟು ಇಡಬೇಕು?

ಉತ್ತರ: ಮೊದಲು ನಿಮ್ಮ ಹೆದರಿಕೆಯ ವಿಷಯ. ಆ ಅರ್ಧ ದಿನದ ಮೇಲ್ ಹೋಗಿಲ್ಲ. ಪೋಸ್ಟ್‌ಫಿಕ್ಸ್ ಅವನ್ನು ಹೊರಗಿನಿಂದ ಪಡೆದುಕೊಂಡಿತ್ತು, ಆದರೆ ನಿಮ್ಮವರ ಪೆಟ್ಟಿಗೆಗೆ (ಅಂದರೆ ಮೇಲ್‌ಬಾಕ್ಸ್‌ಗೆ) ಹಾಕಲು ಆಗದೆ ಕ್ಯೂನಲ್ಲಿ ಇಟ್ಟುಕೊಂಡಿತ್ತು. ನೀವು ಲಿಮಿಟ್ ಇಳಿಸಿದ ಮೇಲೆ ತಾನಾಗಿ ಮತ್ತೆ ಪ್ರಯತ್ನಿಸಿ ಹಂಚಿರುತ್ತದೆ. ಬೇರೇನೂ ಬದಲಿಸದೇ ಇದ್ದರೆ ಪೋಸ್ಟ್‌ಫಿಕ್ಸ್ ಒಂದು ಮೇಲನ್ನು 5 ದಿನದ ತನಕ ಇಟ್ಟುಕೊಂಡು ಪ್ರಯತ್ನ ಮಾಡುತ್ತಲೇ ಇರುತ್ತದೆ. ಅನುಮಾನ ಇದ್ದರೆ ಮೇಲ್‌ಕ್ಯೂ ಎಂಬ ಕಮಾಂಡ್ ಕೊಟ್ಟು ನೋಡಿ, ಖಾಲಿ ಇದ್ದರೆ ಎಲ್ಲ ಹೋಗಿ ಸೇರಿದೆ ಎಂದು ಅರ್ಥ.

ಇನ್ನು ಯಾಕೆ ನಿಂತಿತು ಎಂಬುದು. ಆ ದಿನದ ಲಾಗ್ ಫೈಲ್ ತೆರೆದು 'ಫೇಟಲ್' ಎಂಬ ಪದ ಹುಡುಕಿ. ಮೇಲ್‌ಬಾಕ್ಸ್ ಸೈಜ್ ಲಿಮಿಟ್ ಎಂಬುದು ಮೆಸೇಜ್ ಸೈಜ್ ಲಿಮಿಟ್‌ಗಿಂತ ಚಿಕ್ಕದಾಗಿದೆ ಎಂದು ಇಂಗ್ಲಿಷ್‌ನಲ್ಲಿ ಬರೆದ ಸಾಲು ಪದೇ ಪದೇ ಕಾಣುತ್ತದೆ ಎಂದು ಬೇಕಾದರೆ ಪಂಥ ಕಟ್ಟುತ್ತೇನೆ. ಪೋಸ್ಟ್‌ಫಿಕ್ಸ್‌ನಲ್ಲಿ ಇವು ಎರಡು ಬೇರೆ ಸಾಲುಗಳು (ಕಾನ್ಫಿಗರೇಶನ್ ಫೈಲಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ). ಯಾರೂ ಏನೂ ಬರೆಯದಿದ್ದರೆ ಮೊದಲನೆಯದರ (ಮೆಸೇಜ್ ಸೈಜ್ ಲಿಮಿಟ್) ಬೆಲೆ 1,02,40,000 ಬೈಟ್, ಎರಡನೆಯದು (ಮೇಲ್‌ಬಾಕ್ಸ್ ಸೈಜ್ ಲಿಮಿಟ್) 5,12,00,000 ಬೈಟ್. ಎರಡನೆಯದು ಯಾವತ್ತೂ ಮೊದಲನೆಯದಕ್ಕಿಂತ ಚಿಕ್ಕದಾಗಬಾರದು. ಹಾಗಾದರೆ ಪೆಟ್ಟಿಗೆಗೆ ಹಾಕುವ ಪ್ರೋಗ್ರಾಂ ಶುರುವಾಗುವಾಗಲೇ ಬಿದ್ದುಹೋಗುತ್ತದೆ.

"ಎರಡೂ 50 ಎಂಬಿ ಅಲ್ವಾ, ಚಿಕ್ಕದು ಹೇಗಾಯಿತು?" ಎಂದು ನೀವು ಕೇಳಬಹುದು. ಅದೇ ತಮಾಷೆ. ನೀವು ಕ್ಯಾಲ್ಕುಲೇಟರ್ ಹಿಡಿದು 50 × 1024 × 1024 ಮಾಡಿ 5,24,28,800 ಎಂದು ಬರೆದಿರುತ್ತೀರಿ. ಪೋಸ್ಟ್‌ಫಿಕ್ಸ್‌ನ ಮೂಲ ಬೆಲೆ 50 × 1024 × 1000. ಬರೀ ಹನ್ನೆರಡು ಲಕ್ಷ ಬೈಟಿನ ವ್ಯತ್ಯಾಸಕ್ಕೆ ಇಡೀ ಆಫೀಸಿನ ಮೇಲ್ ನಿಂತಿತು. ಈ ಗುಂಡಿಗೆ ಬಿದ್ದವರಲ್ಲಿ ನೀವು ಮೊದಲಿಗರಲ್ಲ, 50 ಎಂಬುದು ಎಲ್ಲರಿಗೂ ಹಿಡಿಸುವ ಸಂಖ್ಯೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳು ಇನ್‌ಸ್ಟಾಲ್ ಮಾಡುವಾಗಲೇ ಎರಡನೆಯ ಸಾಲಿಗೆ 0 ಬರೆದುಬಿಡುತ್ತವೆ, ಹಾಗಾಗಿ ಅಲ್ಲಿ ಇದು ಕಾಣಿಸುವುದಿಲ್ಲ. ನಿಮ್ಮಲ್ಲಿ ಆ ಸಾಲು ಇಲ್ಲ, ಅಥವಾ ಹಿಂದಿನವರು ಅಳಿಸಿದ್ದಾರೆ.

ಈ ಫೈಲಿನಲ್ಲಿ ಇನ್ನೆರಡು ಮುಳ್ಳುಗಳಿವೆ, ಈಗಲೇ ಹೇಳಿಬಿಡುತ್ತೇನೆ. ಸಂಖ್ಯೆಯನ್ನು ಬೈಟ್‌ನಲ್ಲೇ ಬರೆಯಬೇಕು, ನಡುವೆ ಅಲ್ಪವಿರಾಮ ಬೇಡ. 50ರ ಮುಂದೆ ಎಂ ಅಕ್ಷರ ಹಾಕಿದರೆ ಪೋಸ್ಟ್‌ಫಿಕ್ಸ್‌ಗೆ ಅರ್ಥವಾಗುವುದಿಲ್ಲ, ಅದಕ್ಕೂ ಫೇಟಲ್ ಎನ್ನುತ್ತದೆ. ಹಾಗೆಯೇ ಸಂಖ್ಯೆಯ ಪಕ್ಕದಲ್ಲೇ ಹ್ಯಾಷ್ ಗುರುತು ಹಾಕಿ "ಇದು ನಾನು ಬದಲಿಸಿದ್ದು" ಎಂದು ನೆನಪಿಗೆ ಬರೆಯಬೇಡಿ. ಟಿಪ್ಪಣಿಗೆ ಬೇರೆಯೇ ಸಾಲು ಬೇಕು.

ಈಗ 20 ಎಂಬಿ ಫೈಲ್ 25ರ ಬಾಗಿಲಲ್ಲಿ ಸಿಕ್ಕಿಬೀಳುವ ಕಥೆ. ಇಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲಿಕ್ಕೆ. ಪಿಡಿಎಫ್, ಫೋಟೋ ಯಾವುದೇ ಇರಲಿ, ಕಳಿಸುವ ಮೊದಲು ಅದನ್ನು ಬೇಸ್ 64 ಎಂಬ ಕ್ರಮದಲ್ಲಿ ಅಕ್ಷರಗಳಾಗಿ ಬಿಡಿಸಿ ಬರೆಯಬೇಕು. 57 ಬೈಟಿನ ಸರಕು 76 ಅಕ್ಷರದ ಒಂದು ಸಾಲಾಗುತ್ತದೆ, ಸಾಲು ಮುಗಿಸಲು ಇನ್ನೆರಡು ಬೈಟ್, ಒಟ್ಟು 78. ಅಂದರೆ ನೂರಕ್ಕೆ ಹತ್ತಿರ ಹತ್ತಿರ 37 ಜಾಸ್ತಿ. ಬಟ್ಟೆ ಒಂದು ಕಿಲೋ ಇದ್ದರೂ ಪೆಟ್ಟಿಗೆ, ಹುಲ್ಲು, ಹಗ್ಗ ಸೇರಿ ಪಾರ್ಸೆಲ್ ಆಫೀಸಿನವರು ಒಂದೂ ಕಾಲು ಮೇಲೆ ತೂಗುವುದಿಲ್ವಾ, ಹಾಗೆ. ನಿಮ್ಮ ಗಿರಾಕಿಯ 20 ಎಂಬಿ ಪಿಡಿಎಫ್ ನಿಮ್ಮ ಬಾಗಿಲಿಗೆ ಬರುವಾಗ 27.4 ಎಂಬಿ. ನಿಮ್ಮ ಸರ್ವರ್ ತೂಗುವುದು ಪೆಟ್ಟಿಗೆ ಸಮೇತ. 25ರ ಮಿತಿಯಲ್ಲಿ ಹಿಡಿಯುವುದು ಸುಮಾರು 18 ಎಂಬಿ ಫೈಲ್ ಮಾತ್ರ.

ಜಿಮೇಲ್‌ನವರು ಈ ಲೆಕ್ಕ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ ನೋಡಿ. ಅವರು ಬಳಕೆದಾರರಿಗೆ ಹೇಳುವುದು "ಅಟ್ಯಾಚ್‌ಮೆಂಟ್ 25 ಎಂಬಿ ತನಕ" ಎಂದು. ಆದರೆ ಅವರ ಹೊರಹೋಗುವ ಸರ್ವರ್‌ಗೆ ನಮಸ್ಕಾರ ಹೇಳಿದರೆ (ಅದೇ, ಇಎಚ್‌ಎಲ್‌ಓ ಕಮಾಂಡ್) ಅದು ತೋರಿಸುವ ಸೈಜ್ 3,58,82,577 ಬೈಟ್. 25 ಎಂಬಿಯ 2,62,14,400 ಬೈಟನ್ನು 78ರಿಂದ ಗುಣಿಸಿ 57ರಿಂದ ಭಾಗಿಸಿ, ಮೇಲೆ 10 ಕೆಬಿ ಸೇರಿಸಿ. ಸರಿಯಾಗಿ ಅದೇ ಸಂಖ್ಯೆ ಬರುತ್ತದೆ. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಜಿಮೇಲ್‌ನವರೇ ತಾನೇ? ಹಾಗಾದರೆ ಅವರು ಕಳಿಸಬಲ್ಲಷ್ಟನ್ನು ನೀವು ತೆಗೆದುಕೊಂಡರೆ ಸಾಕು. ಅದಕ್ಕಿಂತ ದೊಡ್ಡದಾದರೆ ಜಿಮೇಲ್ ತಾನೇ ಡ್ರೈವ್ ಲಿಂಕ್ ಮಾಡಿ ಕಳಿಸುತ್ತದೆ. ಆದ್ದರಿಂದ ನಿಮ್ಮ ಮೆಸೇಜ್ ಸೈಜ್ ಲಿಮಿಟ್‌ಗೆ ನನ್ನ ಸಲಹೆ 3,67,00,160. ಅಂದರೆ ನಿಖರವಾಗಿ 35 ಎಂಬಿ. ಇದು 5,12,00,000ಕ್ಕಿಂತ ಕಡಿಮೆ, ಹಾಗಾಗಿ ಎರಡನೆಯ ಸಾಲನ್ನು ಮುಟ್ಟದಿದ್ದರೂ ಏನೂ ಬೀಳುವುದಿಲ್ಲ.

50 ಯಾಕೆ ಬೇಡ, 100 ಯಾಕೆ ಬೇಡ ಎಂದರೆ, ನೀವೊಬ್ಬರೇ ಎತ್ತಿದರೆ ಪ್ರಯೋಜನ ಇಲ್ಲ. ಉಡುಪಿಯಿಂದ ಮಣಿಪಾಲಕ್ಕೆ ಎಷ್ಟೇ ಅಗಲದ ರಸ್ತೆ ಇರಲಿ, ಶಿವಮೊಗ್ಗಕ್ಕೆ ಹೋಗುವ ಲಾರಿಯ ಉದ್ದವನ್ನು ತೀರ್ಮಾನ ಮಾಡುವುದು ಆಗುಂಬೆಯ ತಿರುವು. ದಾರಿಯಲ್ಲಿರುವ ಎಲ್ಲ ಸರ್ವರ್‌ಗಳಲ್ಲಿ ಯಾವುದು ಅತಿ ಚಿಕ್ಕದೋ ಅದರ ಮಾತು ನಡೆಯುತ್ತದೆ. ನೀವು ಪ್ರೂಫ್ ಕಳಿಸುವಾಗ ಆಚೆಯವರ ಮಿತಿ ನಿಮ್ಮ ಕೈಯಲ್ಲಿಲ್ಲ.

ರೌಂಡ್‌ಕ್ಯೂಬ್‌ನಿಂದ ಕಳಿಸುವವರಿಗೆ ಇನ್ನೂ ಎರಡು ಬಾಗಿಲು ಉಂಟು. ರೌಂಡ್‌ಕ್ಯೂಬ್ ಓಡುವುದು ಪಿಎಚ್‌ಪಿ ಮೇಲೆ, ಅದನ್ನು ಹಾಗೇ ಬಿಟ್ಟರೆ ಒಂದು ಫೈಲಿಗೆ 2 ಎಂಬಿ, ಒಟ್ಟು ಪೋಸ್ಟ್‌ಗೆ 8 ಎಂಬಿ ಮಾತ್ರ ಬಿಡುತ್ತದೆ. ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ ಮಿತಿ ಬರೀ 1 ಎಂಬಿ, ಮೀರಿದರೆ 413 ಎಂಬ ಎರರ್. "ಫೋನಿನ ಆ್ಯಪ್‌ನಿಂದ ಹೋಗುತ್ತದೆ, ಬ್ರೌಸರ್‌ನಿಂದ ಹೋಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಪೋಸ್ಟ್‌ಫಿಕ್ಸ್ ಕಡೆ ತಲೆ ಹಾಕಬೇಡಿ, ಇಲ್ಲಿ ನೋಡಿ. ಇಲ್ಲಿ ಪೆಟ್ಟಿಗೆ ಕಟ್ಟುವ ಮೊದಲಿನ ತೂಕ ಲೆಕ್ಕ, ಹಾಗಾಗಿ ಫೈಲಿಗೆ 25 ಎಂಬಿ, ಪೋಸ್ಟ್‌ಗೂ ಎಂಜಿನ್‌ಎಕ್ಸ್‌ಗೂ 30 ಎಂಬಿ ಇಟ್ಟರೆ ಸಾಕು.

ಇನ್ನು ಧಣಿಗಳ "ಎಲ್ಲ ಸೊನ್ನೆ ಮಾಡು". ಸೊನ್ನೆ ಎಂದರೆ ಮಿತಿ ಇಲ್ಲ ಎಂಬುದು ನಿಜ. ಆದರೆ ಮೆಸೇಜ್ ಲಿಮಿಟ್ ಮಾತ್ರ ಸೊನ್ನೆ ಮಾಡಿ ಮೇಲ್‌ಬಾಕ್ಸ್ ಲಿಮಿಟ್ ಹಾಗೇ ಬಿಟ್ಟರೆ ಮತ್ತೆ ಅದೇ ಫೇಟಲ್. ಮಿತಿ ಇಲ್ಲದ್ದು ಮಿತಿ ಇರುವುದಕ್ಕಿಂತ ದೊಡ್ಡದು, ಅಷ್ಟೇ ತರ್ಕ. ಎರಡನ್ನೂ ಸೊನ್ನೆ ಮಾಡಿದರೆ ಸರ್ವರ್ ಓಡುತ್ತದೆ. ನಾನೂ ಒಮ್ಮೆ ಹಾಗೆ ಓಡಿಸಿದ್ದೆ.

ಮಂಗಳೂರಿನ ಒಂದು ಆಫೀಸಿನಲ್ಲಿ, ದೀಪಾವಳಿ ರಜೆಯ ಹಿಂದಿನ ದಿನ. ಯಾರದೋ ಒಂದು ದೊಡ್ಡ ಡ್ರಾಯಿಂಗ್ ಬರಬೇಕಿತ್ತು, ಎರಡೂ ಸೊನ್ನೆ ಮಾಡಿದೆ, ವಾಪಸ್ ಹಾಕಲು ಮರೆತೆ. ಅಲ್ಲಿ ಸ್ಕ್ಯಾನ್ ಮಾಡಿ ನೇರ ಮೇಲ್ ಮಾಡುವ ಒಂದು ಮೆಷಿನ್ ಇತ್ತು. ಯಾರೋ 600 ಡಿಪಿಐನಲ್ಲಿ, ಕಲರ್‌ನಲ್ಲಿ ಒಂದು ಇಡೀ ಫೈಲ್ ಸ್ಕ್ಯಾನ್‌ಗೆ ಇಟ್ಟು, ಎಲ್ಲ ಸಿಬ್ಬಂದಿಗೆ ಹೋಗುವ ಒಂದೇ ವಿಳಾಸ ಒತ್ತಿ ಮನೆಗೆ ಹೋದರು. ಮೆಷಿನ್‌ಗೆ ಅದೇನು ಗೊಂದಲವೋ, ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿತು. ಹಬ್ಬ ಮುಗಿಸಿ ಬಂದು ನೋಡಿದರೆ ಡಿಸ್ಕ್‌ನಲ್ಲಿ ಒಂದು ಬೈಟ್ ಜಾಗ ಇಲ್ಲ. ಡಿಲೀಟ್ ಮಾಡೋಣ ಎಂದರೆ ಅದೂ ಆಗುವುದಿಲ್ಲ! ಟ್ರ್ಯಾಶ್‌ಗೆ ಸರಿಸಲು, ಇಂಡೆಕ್ಸ್ ಬರೆಯಲು ಡವ್‌ಕಾಟ್‌ಗೂ ಸ್ವಲ್ಪ ಜಾಗ ಬೇಕಲ್ಲ. ಕೊನೆಗೆ ಹಳೆಯ ಲಾಗ್ ಫೈಲ್‌ಗಳನ್ನು ಅಳಿಸಿ ಉಸಿರಾಡಲು ಜಾಗ ಮಾಡಿಕೊಂಡೆ. ಆ ದೊಡ್ಡ ಡ್ರಾಯಿಂಗ್ ಅವರು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರು, ಅದು ಬೇರೆ ಮಾತು.

ಅವತ್ತು ಗಮನಕ್ಕೆ ಬಂದ ಇನ್ನೊಂದು ವಿಷಯ: ಪೋಸ್ಟ್‌ಫಿಕ್ಸ್ ತಾನಾಗಿಯೇ ಒಂದು ಕಾವಲು ಇಟ್ಟಿರುತ್ತದೆ. ಕ್ಯೂ ಇರುವ ಡಿಸ್ಕ್‌ನಲ್ಲಿ ಮೆಸೇಜ್ ಲಿಮಿಟ್‌ನ ಒಂದೂವರೆ ಪಾಲು ಜಾಗ ಉಳಿದಿಲ್ಲ ಎಂದಾದರೆ ಹೊಸ ಮೇಲ್‌ಗೆ 452 ಎಂದು ಹೇಳಿ "ಆಮೇಲೆ ಬನ್ನಿ" ಎನ್ನುತ್ತದೆ. ಮಿತಿ ಸೊನ್ನೆಯಾದರೆ ಒಂದೂವರೆ ಪಾಲೂ ಸೊನ್ನೆ. ಕಾವಲುಗಾರನನ್ನು ನಾನೇ ಮಲಗಿಸಿದ್ದೆ.

ನಿಮ್ಮಲ್ಲೂ ಎಲ್ಲರಿಗೂ ಹೋಗುವ ಒಂದು ವಿಳಾಸ ಇದ್ದೇ ಇರುತ್ತದೆ. ಮಿತಿ 35 ಮಾಡಿದ ಮೇಲೆ, ಪೆಟ್ಟಿಗೆ ಸಮೇತ 30 ಎಂಬಿ ತೂಗುವ ಒಂದು ಆಮಂತ್ರಣದ ಪ್ರೂಫ್ ಅದಕ್ಕೆ ಬಂದರೆ 12 ಪ್ರತಿ, 360 ಎಂಬಿ. ಹಿಂದಿನ ಪುಟದಲ್ಲಿ ಸಮಿತಿಯ ಒಬ್ಬರ ಹೆಸರು ಬಿಟ್ಟುಹೋಗಿದೆ ಎಂದು ತಿದ್ದಿ ಮತ್ತೆ ಕಳಿಸುತ್ತಾರೆ, ಮತ್ತೆ 360. ಬ್ರಹ್ಮಕಲಶೋತ್ಸವದ ಪತ್ರಿಕೆಯಲ್ಲಿ ಒಂದೇ ಸಲಕ್ಕೆ ಎಲ್ಲ ಹೆಸರೂ ಸರಿಯಾದದ್ದನ್ನು ನಾನಂತೂ ಕಂಡಿಲ್ಲ, ನೀವು ಕಂಡಿದ್ದೀರಾ?

ಇಲ್ಲಿಗೆ ಒಂದು ಮೆಸೇಜ್ ಎಷ್ಟು ದೊಡ್ಡದಿರಬಹುದು ಎಂಬ ಮಾತು ಮುಗಿಯಿತು. ಒಬ್ಬರ ಪೆಟ್ಟಿಗೆ ಎಷ್ಟು ದೊಡ್ಡದಾಗಬಹುದು ಎಂಬುದು ಪೂರಾ ಬೇರೆ ಪ್ರಶ್ನೆ. ಹೆಸರು ನೋಡಿ ಮೇಲ್‌ಬಾಕ್ಸ್ ಸೈಜ್ ಲಿಮಿಟ್ ಇದಕ್ಕೇ ಇರುವುದು ಎಂದು ಎಲ್ಲರೂ ತಿಳಿಯುತ್ತಾರೆ. ಹಿಂದೆ ಒಬ್ಬರ ಮೇಲ್ ಎಲ್ಲ ಒಂದೇ ಉದ್ದದ ಫೈಲಿನಲ್ಲಿ, ಎಂಬಾಕ್ಸ್‌ನಲ್ಲಿ, ಸೇರುತ್ತಿದ್ದಾಗ ಅದು ಸರಿ ಇತ್ತು. ಈಗಲೂ ಎಂಬಾಕ್ಸ್ ಇಟ್ಟವರಿಗೆ ಫೈಲ್ 51 ಎಂಬಿ ದಾಟುವ ದಿನ "ಫೈಲ್ ತುಂಬಾ ದೊಡ್ಡದು" ಎಂದು ಮೇಲ್ ಬೌನ್ಸ್ ಆಗುತ್ತದೆ. ಆದರೆ ನಿಮ್ಮದು ಮೇಲ್‌ಡಿರ್, ಅಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಆ ಸಾಲು ಹೇಳುವುದು ಒಂದೊಂದು ಫೈಲಿನ ಗಾತ್ರದ ಬಗ್ಗೆ ಮಾತ್ರ. ಹಾಗಾಗಿ ಅಲ್ಲಿ 1 ಜಿಬಿ ಎಂದು ಬರೆದರೂ ಧಣಿಗಳ 18 ಜಿಬಿ ಆರಾಮಾಗಿ 30 ಆಗುತ್ತದೆ, ಯಾರೂ ತಡೆಯುವುದಿಲ್ಲ.

ಪೆಟ್ಟಿಗೆಗೆ ನಿಜವಾದ ಮಿತಿ ಹಾಕುವುದು ಡವ್‌ಕಾಟ್‌ನ ಕೋಟಾ. ಅದಕ್ಕೆ ಮೊದಲ ಶರತ್ತು, ಮೇಲನ್ನು ಪೆಟ್ಟಿಗೆಗೆ ಹಾಕುವ ಕೆಲಸವನ್ನೂ ಡವ್‌ಕಾಟ್‌ಗೇ ಕೊಡಬೇಕು. ಪೋಸ್ಟ್‌ಫಿಕ್ಸ್ ನೇರ ಫೋಲ್ಡರ್‌ಗೆ ಹಾಕುತ್ತಿದ್ದರೆ ಅದಕ್ಕೆ ಕೋಟಾ ಎಂಬುದೇ ಗೊತ್ತಿಲ್ಲ. ಪೋಸ್ಟ್‌ಫಿಕ್ಸ್‌ನ ಮೇಲ್‌ಬಾಕ್ಸ್ ಟ್ರಾನ್ಸ್‌ಪೋರ್ಟ್ ಸಾಲಿನಲ್ಲಿ ಡವ್‌ಕಾಟ್‌ನ ಎಲ್‌ಎಂಟಿಪಿ ಸಾಕೆಟ್‌ನ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಮೇಲ್ ಕೊಡುವ ಕಿಂಡಿ) ದಾರಿ ಕೊಟ್ಟರೆ ಈ ಕೆಲಸ ಆಗುತ್ತದೆ. ಡವ್‌ಕಾಟ್ 2.4ರಲ್ಲಿ ಕಾನ್ಫಿಗರೇಶನ್ ಬರೆಯುವ ರೀತಿಯೇ ಬದಲಾಗಿದೆ. ಹಳೆಯ ಉದಾಹರಣೆ ನಕಲು ಮಾಡುವ ಮೊದಲು ನಿಮ್ಮದು ಯಾವ ಆವೃತ್ತಿ ಎಂದು ನೋಡಿಕೊಳ್ಳಿ.

ಪೆಟ್ಟಿಗೆ ತುಂಬಿದಾಗ ಏನು ಮಾಡಬೇಕು ಎಂಬುದರಲ್ಲಿ ನಿಮ್ಮ ಮುಂದೆ ಮೂರು ದಾರಿ ಇವೆ. ಬಹಳ ಜನ ಏನೂ ಯೋಚಿಸದೆ ಹಿಡಿಯುವ ದಾರಿ ಎಂದರೆ ಮೇಲನ್ನು ಬಾಗಿಲಲ್ಲಿ ಪಡೆದುಕೊಂಡು, ಒಳಗೆ ಜಾಗ ಇಲ್ಲ ಎಂದು ಗೊತ್ತಾದ ಮೇಲೆ ಕಳಿಸಿದವರ ವಿಳಾಸಕ್ಕೆ ಬೌನ್ಸ್ ಕಾಗದ ಬರೆಯುವುದು. ಇದು ಬೇಡವೇ ಬೇಡ. ಸ್ಪ್ಯಾಮ್ ಕಳಿಸುವವರು ತಮ್ಮ ವಿಳಾಸ ಹಾಕುವುದಿಲ್ಲ, ಯಾರದೋ ಪಾಪದವರದ್ದು ಹಾಕುತ್ತಾರೆ. ನಿಮ್ಮ ಸರ್ವರ್ ಆ ಪಾಪದವರಿಗೆ ಸಾವಿರಗಟ್ಟಲೆ ಬೌನ್ಸ್ ಕಳಿಸಿ, ನಾಳೆ ನಿಮ್ಮ ಐಪಿಯೇ ಕಪ್ಪುಪಟ್ಟಿಗೆ ಸೇರುತ್ತದೆ. ಆಗ ಪ್ರೂಫ್ ಕಳಿಸಿದ್ದೂ ಗಿರಾಕಿಗೆ ತಲುಪುವುದಿಲ್ಲ.

ಎರಡನೆಯದು, ತುಂಬಿದಾಗ "ಈಗ ಆಗುವುದಿಲ್ಲ, ಆಮೇಲೆ ನೋಡುವ" ಎಂಬ ತಾತ್ಕಾಲಿಕ ಉತ್ತರ. ಕೇಳಲು ಸಭ್ಯವಾಗಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸರ್ವರ್ ಮಲಗಿದರೆ ಇದೇ ನಿಯಮದಿಂದಾಗಿ ಮೇಲ್ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ತುಂಬಿದ ಪೆಟ್ಟಿಗೆಗೆ ಇದನ್ನು ಬಳಸಿದರೆ ಕಳಿಸಿದವರಿಗೆ ದಿನಗಟ್ಟಲೆ ಏನೂ ಗೊತ್ತಾಗದೇ ಇರಬಹುದು. ಸೋಮವಾರ ಕಳಿಸಿದ ತಿದ್ದುಪಡಿ ಹೋಗಿದೆ ಎಂದು ಗಿರಾಕಿ ನೆಮ್ಮದಿಯಲ್ಲಿರುತ್ತಾರೆ, ನೀವು ಬುಧವಾರ ಹಳೆಯದನ್ನೇ ಪ್ರಿಂಟ್‌ಗೆ ಹಾಕುತ್ತೀರಿ. ಪ್ರೆಸ್‌ಗೆ ಇದು ಆಗಿಬರುವುದಿಲ್ಲ.

ಮೂರನೆಯದೇ ನನ್ನ ಆಯ್ಕೆ. ಕಳಿಸುವ ಸರ್ವರ್ ಬಾಗಿಲಲ್ಲಿ ನಿಂತಿರುವಾಗಲೇ "ಈ ಪೆಟ್ಟಿಗೆ ತುಂಬಿದೆ" ಎಂದು 552 ಹೇಳಿ ಕಳಿಸುವುದು. ಗಿರಾಕಿಗೆ ಆಗಲೇ ಗೊತ್ತಾಗುತ್ತದೆ, ಫೋನ್ ಮಾಡುತ್ತಾರೆ. ಇದಕ್ಕೆ ಡವ್‌ಕಾಟ್‌ನಲ್ಲಿ ಕೋಟಾ ಸ್ಟೇಟಸ್ ಎಂಬ ಸಣ್ಣ ಸೇವೆ ಇದೆ, ಪೋಸ್ಟ್‌ಫಿಕ್ಸ್ ಪ್ರತಿ ಮೇಲ್‌ಗೂ ಮೊದಲು ಅದನ್ನು ಕೇಳುವಂತೆ ಮಾಡಬಹುದು. ಇದರಲ್ಲೂ ಒಂದು ತೂತು ಉಂಟು. ಎಲ್ಲರಿಗೂ ಹೋಗುವ ಆ ಒಂದು ವಿಳಾಸವನ್ನು 12 ಹೆಸರಾಗಿ ಬಿಡಿಸುವ ಮೊದಲೇ ಈ ಪ್ರಶ್ನೆ ಕೇಳಿ ಆಗಿರುತ್ತದೆ, ಹಾಗಾಗಿ ಆ ದಾರಿಯಲ್ಲಿ ಬಂದದ್ದಕ್ಕೆ ತಡೆ ಇಲ್ಲ. ಹೊರಗಿನವರು ಆ ವಿಳಾಸಕ್ಕೆ ಬರೆಯದಂತೆ ಮುಚ್ಚಿಬಿಡಿ, ಸುಮ್ನೆ ರಗಳೆ ಬೇಡ.

ಕೋಟಾ ಎಷ್ಟು? 11 ಜನರಿಗೆ 5 ಜಿಬಿಯಂತೆ 55, ಧಣಿಗಳಿಗೆ 25, ಒಟ್ಟು 80. ಉಳಿದ 40 ಜಿಬಿ ಸಿಸ್ಟಂ, ಕ್ಯೂ, ಲಾಗ್‌ಗೆ. ಎಲ್ಲರ ಕೋಟಾ ಕೂಡಿದರೂ ಡಿಸ್ಕ್ ತುಂಬದಂತೆ ಇರಬೇಕು ಎಂಬುದು ನನ್ನ ಹಟ. ದೊಡ್ಡ ಕಂಪನಿಗಳು ಇದನ್ನು ಪಾಲಿಸುವುದಿಲ್ಲ, ಎಲ್ಲರೂ ಒಟ್ಟಿಗೆ ತುಂಬಿಸುವುದಿಲ್ಲ ಎಂದು ನಂಬುತ್ತಾರೆ. ನಿಮ್ಮಲ್ಲಿ ಸೀಸನ್ ಬಂದರೆ ಎಲ್ಲರೂ ಒಟ್ಟಿಗೇ ತುಂಬಿಸುತ್ತಾರೆ. ನೂರಕ್ಕೆ 80 ಆದಾಗ ಒಂದು, 95 ಆದಾಗ ಇನ್ನೊಂದು ಎಚ್ಚರಿಕೆ ಮೇಲ್ ಹೋಗುವಂತೆ ಮಾಡಿ. ಅದರ ಒಂದು ಪ್ರತಿ ನಿಮಗೂ ಬರಲಿ, ಯಾಕೆಂದರೆ ಧಣಿಗಳು ಅದನ್ನು ಓದುವುದಿಲ್ಲ. ಟ್ರ್ಯಾಶ್‌ನಲ್ಲಿರುವುದೂ ಲೆಕ್ಕಕ್ಕೆ ಸೇರುತ್ತದೆ ಎಂದು ಎಲ್ಲರಿಗೂ ಒಮ್ಮೆ ಹೇಳಿ. "ಡಿಲೀಟ್ ಮಾಡಿದೆ, ಆದರೂ ತುಂಬಿದೆ ಅನ್ನುತ್ತದೆ" ಎಂಬ ದೂರು ಅಲ್ಲಿಂದಲೇ ಬರುವುದು.

50, 100 ಎಂಬಿಯ ಫೈಲ್‌ಗಳಿಗೆ ಮೇಲ್ ಸರಿಯಾದ ಗಾಡಿಯೇ ಅಲ್ಲ. ಗಿರಾಕಿ ಫೈಲ್ ಹಾಕಲು ಒಂದು ಅಪ್‌ಲೋಡ್ ಪುಟ ಮಾಡಿ. ನೆಕ್ಸ್ಟ್‌ಕ್ಲೌಡ್ ಹಾಕಿದರೆ ಅದರಲ್ಲೇ ಇದು ಸಿಗುತ್ತದೆ, ಆದರೆ ಬೇರೆ ಡಿಸ್ಕ್‌ನಲ್ಲಿ ಹಾಕಿ. ಲಿಂಕ್‌ಗೆ ಪಾಸ್‌ವರ್ಡ್ ಇರಲಿ, ಹದಿನೈದು ದಿನಕ್ಕೆ ಮುಗಿಯುವಂತಿರಲಿ, ತೆರೆದಿಟ್ಟರೆ ಊರವರ ಸಿನಿಮಾ ಎಲ್ಲ ಅಲ್ಲಿ ಬಂದು ಕೂರುತ್ತದೆ. ಅಷ್ಟು ಬೇಡ ಎಂದರೆ ವಾಟ್ಸಾಪ್ ಇದ್ದೇ ಇದೆ. ಫೋಟೋ ಆಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ದೇವರ ಮುಖ ಪ್ರಿಂಟ್‌ನಲ್ಲಿ ಮಸಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳಿ.

ಬದಲಾವಣೆ ಮಾಡುವ ದಿನ ಗಿರಾಕಿಗಳು ಇಲ್ಲದ ಸಂಜೆ ಕೂತುಕೊಳ್ಳಿ. ಮೆಸೇಜ್ ಲಿಮಿಟ್ ಬದಲಿಸಿ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ, ಪೋಸ್ಟ್‌ಕಾನ್ಫ್ ಕಮಾಂಡ್‌ನಲ್ಲಿ ಎರಡೂ ಸಾಲಿನ ಬೆಲೆ ಓದಿ ನೋಡಿ. ಆಮೇಲೆ ನಿಮ್ಮದೇ ಜಿಮೇಲ್‌ನಿಂದ ಒಂದು ಚಿಕ್ಕ ಮೇಲ್, ಒಂದು 24 ಎಂಬಿ ಫೈಲ್ ಕಳಿಸಿ. ಚಿಕ್ಕದನ್ನು ಮರೆಯಬೇಡಿ. ಹೋದ ಸಲ ಅದೊಂದನ್ನು ಕಳಿಸಿ ನೋಡಿದ್ದರೆ ಅರ್ಧ ದಿನ ಹೋಗುತ್ತಿರಲಿಲ್ಲ. ಎರಡೂ ಬಂದರೆ ಮನೆಗೆ ಹೋಗಬಹುದು. ಕೋಟಾ ಕೆಲಸ ಅದೇ ದಿನ ಮಾಡಬೇಡಿ, ಕೆಟ್ಟರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಇನ್ನು ಆ 18 ಜಿಬಿ. ಈಗ ಅವಸರ ಇಲ್ಲ. ಪತ್ತನಾಜೆ (ತುಳುನಾಡಿನಲ್ಲಿ ಸೀಸನ್ ಮುಗಿಯುವ ದಿನ) ಕಳೆಯಲಿ, ನೇಮ, ಯಕ್ಷಗಾನದ ಆಟ ಎಲ್ಲ ನಿಂತು ಪ್ರೆಸ್‌ನಲ್ಲಿ ಸ್ವಲ್ಪ ಉಸಿರು ಸಿಗುತ್ತದೆ. ಆಗ ಧಣಿಗಳ ಹತ್ತಿರ ಕೂತು ಎರಡು ವರ್ಷಕ್ಕಿಂತ ಹಳೆಯದನ್ನು ಬೇರೆ ಡಿಸ್ಕ್‌ನ ಒಂದು ಆರ್ಕೈವ್ ಫೋಲ್ಡರ್‌ಗೆ ಸರಿಸಿ. "ಡಿಲೀಟ್" ಎಂಬ ಪದ ಅವರ ಮುಂದೆ ಎತ್ತಬೇಡಿ, "ಎತ್ತಿಡುವುದು" ಎನ್ನಿ. ಕಮಾಂಡ್‌ನಿಂದ ಫೈಲ್‌ಗಳನ್ನು ನೇರವಾಗಿ ಸರಿಸಿದರೆ ಡವ್‌ಕಾಟ್‌ನ ಕೋಟಾ ಲೆಕ್ಕ ಹಳೆಯದೇ ಉಳಿಯಬಹುದು, ಡವ್‌ಅಡ್ಮ್‌ನ ಕೋಟಾ ರೀಕ್ಯಾಲ್ಕ್ ಕೊಟ್ಟರೆ ಹೊಸದಾಗಿ ಎಣಿಸಿಕೊಳ್ಳುತ್ತದೆ. ಸರಿಸುವ ಮೊದಲು ಒಂದು ಬ್ಯಾಕಪ್ ತೆಗೆದು, ಅದರಿಂದ ಯಾವುದಾದರೂ ಒಂದು ಹಳೆಯ ಮೇಲ್ ತೆರೆದು ತೋರಿಸಿ. ಅದನ್ನು ಕಣ್ಣಾರೆ ಕಂಡ ಮೇಲೆ ಅವರು ಒಪ್ಪುತ್ತಾರೆ.